ಲೇಬಲ್ ಕತ್ತರಿಸುವ ಅಣ್ಣನಿಗೆ

ಮೊನ್ನೆ ಗುರುವಾರ ವೈವಾ ಮುಗಿಯಿತು. ಪಿಎಚ್‌ಡಿ ಆಯಿತು. ಫೋನ್ ಮಾಡಿದವರಿಗೆ, ಮೆಸೇಜ್ ಹಾಕಿದವರಿಗೆ ಒಬ್ಬೊಬ್ಬರಿಗೇ ಉತ್ತರ ಕೊಡಲು ಆಗಿಲ್ಲ, ಬೇಜಾರು ಮಾಡ್ಕೋಬೇಡಿ. ಏಳು ವರ್ಷದಲ್ಲಿ ಏನೇನಾಯಿತು ಅನ್ನೋದು ನಿಮಗೆಲ್ಲ ಗೊತ್ತಿರುವುದೇ, ಮತ್ತೆ ಬರೆಯುವುದಿಲ್ಲ.

ನನ್ನ ಗೈಡ್‌ಗೆ, ದಡದಲ್ಲಿ ಸತ್ತ ಹಕ್ಕಿ ಕಂಡರೆ ರಾತ್ರಿ ಹತ್ತಾದರೂ ಫೋನ್ ಮಾಡುತ್ತಿದ್ದ ಮಲ್ಪೆ, ಕಾರವಾರದ ಮೀನುಗಾರರಿಗೆ, ಅನುಮತಿಯ ಕಾಗದ ಓಡಾಡಿಸಿಕೊಟ್ಟ ಅರಣ್ಯ ಇಲಾಖೆಯವರಿಗೆ, ಲ್ಯಾಬಿನ ಗೆಳೆಯರಿಗೆ, ಯಶವಂತಪುರದ ರೂಮಿನಲ್ಲಿ ನನ್ನ ಪಾಲಿನ ಅಡುಗೆಯನ್ನೂ ಮಾಡಿದ ಗೆಳತಿಯರಿಗೆ, ಒಂದು ದಿನವೂ 'ಯಾವಾಗ ಮುಗಿಯುತ್ತೆ' ಅಂತ ಕೇಳದ ಅಮ್ಮನಿಗೆ, ಎಲ್ಲರಿಗೂ ಥ್ಯಾಂಕ್ಸ್.

ಇನ್ನು ಮುಂದಿನದೆಲ್ಲ ಒಬ್ಬರಿಗೆ. ನಮ್ಮ ಲ್ಯಾಬಿನ ಅಟೆಂಡರ್ ಅಣ್ಣನಿಗೆ. ಹೆಸರು ಹಾಕಬೇಡಿ ಅಂತ ಅವರೇ ಹೇಳಿದ್ದಾರೆ.

ಅವರು ಮಾಡಿದ್ದು ಎಷ್ಟು ದೊಡ್ಡದು ಅಂತ ತಿಳಿಯಬೇಕಾದರೆ ನನ್ನ ಹೇನುಗಳ ಬಗ್ಗೆ ಸ್ವಲ್ಪ ಹೇಳಬೇಕು. ಹೇನು ಅಂದ ಕೂಡಲೇ ಎಲ್ಲರಿಗೂ ತಲೆ ಹೇನು ನೆನಪಾಗುತ್ತದೆ. ನಾನು ನೋಡುವವು ಕಡಲಹಕ್ಕಿಗಳ ಗರಿ ತಿಂದು ಬದುಕುವಂಥವು. ಒಂದೆರಡು ಮಿಲಿಮೀಟರ್ ಉದ್ದ. ಹುಟ್ಟಿದಾಗಿನಿಂದ ಸಾಯುವ ತನಕ ಹಕ್ಕಿಯ ಮೈಮೇಲೇ ಇರುತ್ತವೆ. ಸೀರನ್ನೂ ಗರಿಗೇ ಅಂಟಿಸುತ್ತವೆ. ಆ ಮೈಬಿಸಿ ತಪ್ಪಿದರೆ ಕೆಲವೇ ದಿನ, ಅಷ್ಟೇ. ಅಜ್ಜಿಯ ಪಾತ್ರೆ ಅಮ್ಮನಿಗೆ, ಅಮ್ಮನದು ಮಗಳಿಗೆ ಬಂದ ಹಾಗೆ, ಹೆಚ್ಚಾಗಿ ಗೂಡಿನಲ್ಲಿ ತಾಯಿಯಿಂದ ಮರಿಗೆ ದಾಟುತ್ತವೆ.

ಒಂದೇ ಹಕ್ಕಿಯ ಮೇಲೂ ಜಾಗ ಹಂಚಿಕೊಂಡಿರುತ್ತವೆ. ಟರ್ನ್ ಅನ್ನುವ ಕಡಲಹಕ್ಕಿಯ ತಲೆ, ಕತ್ತಿನ ಕಡೆ ಅದರ ಕೊಕ್ಕು ತಲುಪುವುದಿಲ್ಲ ಅಲ್ವಾ, ಅಲ್ಲಿ ದುಂಡು ಮೈಯ ಸೇಮುಂಡ್‌ಸೋನಿಯಾ ಅನ್ನುವ ಹೇನು ಕೂತಿರುತ್ತದೆ. ರೆಕ್ಕೆಯಲ್ಲಿ ತೆಳ್ಳಗಿನ ಕ್ವಾಡ್ರಾಸೆಪ್ಸ್. ಹಕ್ಕಿ ಕೊಕ್ಕಿನಿಂದ ರೆಕ್ಕೆ ಸವರಿಕೊಳ್ಳುವಾಗ ಅದು ಗರಿಯ ಎಳೆಗಳ ಸಂದಿಯಲ್ಲಿ ನುಸುಳಿ ಮಲಗಿಬಿಡುತ್ತದೆ. ಶಿಯರ್‌ವಾಟರ್, ಪೆಟ್ರೆಲ್ ಅನ್ನುವ ಕಡಲಹಕ್ಕಿಗಳಲ್ಲಿ ಹ್ಯಾಲಿಪ್ಯೂರಸ್ ಅನ್ನುವ ಬೇರೆ ಕುಲ. ಬೂಬಿ ಮತ್ತು ನೀರುಕಾಗೆಗಳಲ್ಲಿ ಪೆಕ್ಟಿನೋಪೈಗಸ್.

ಹಕ್ಕಿಯ ವಂಶ ಕವಲೊಡೆದರೆ ಹೇನಿನ ವಂಶವೂ ಜೊತೆಗೇ ಕವಲೊಡೆಯುತ್ತದೆ ಅನ್ನುವ ವಿಚಾರವನ್ನು 1913ರಲ್ಲಿ ಫಾರೆನ್‌ಹೋಲ್ಜ್ ಅನ್ನುವ ಜರ್ಮನ್ ವಿಜ್ಞಾನಿ ಮುಂದಿಟ್ಟರು. 2007ರಲ್ಲಿ ಪೆಕ್ಟಿನೋಪೈಗಸ್ ಹೇನುಗಳ ವಂಶವೃಕ್ಷವನ್ನು ಹಕ್ಕಿಗಳದ್ದರ ಪಕ್ಕ ಇಟ್ಟು ನೋಡಿದಾಗ ಬಹಳ ಕಡೆ ಎರಡೂ ಹೊಂದಿಕೊಂಡವು. ಎಲ್ಲ ಹೇನೂ ಹೀಗೆ ಒಂದೇ ಮನೆಗೆ ನಿಷ್ಠೆಯಿಂದ ಇರುವುದಿಲ್ಲ. ಆನ್ಸಿಸ್ಟ್ರೋನಾ ವ್ಯಾಗೆಲ್ಲಿ ಅನ್ನುವ ಒಂದೇ ಜಾತಿಯ ದೊಡ್ಡ ಹೇನು ಎಷ್ಟೋ ಬಗೆಯ ಪೆಟ್ರೆಲ್‌ಗಳ ಮೇಲೆ ಸಿಗುತ್ತದೆ. ಯಾವುದು ತನ್ನ ಹಕ್ಕಿಯನ್ನು ಬಿಡಲಿಲ್ಲ, ಯಾವುದು ದಾಟಿತು, ನನ್ನ ಕೆಲಸವೆಲ್ಲ ಇದೇ. ಅದಕ್ಕೇ ನಮ್ಮಲ್ಲಿ ಹೇನಿನಷ್ಟೇ ಬೆಲೆ, ಹೇನನ್ನು ಕೂರಿಸಿದ ಗಾಜಿನ ಸ್ಲೈಡಿಗೆ ಅಂಟಿಸುವ ಲೇಬಲ್‌ಗೆ. ಯಾವ ಹಕ್ಕಿ, ಯಾವ ಊರು, ಯಾವ ದಿನ. ಅದು ಹೋದರೆ ಗಾಜಿನ ಮೇಲೆ ಉಳಿಯುವುದು ಸುಮ್ನೆ ಒಂದು ಹುಳ.

ಆ ಮಳೆಯ ರಾತ್ರಿ ಹೋಗಿದ್ದು ಲೇಬಲ್‌ಗಳೇ.

ಜೋರು ಮಳೆಗೆ ನಮ್ಮ ಲ್ಯಾಬಿನ ನೆಲಮಹಡಿಗೆ ನೀರು ನುಗ್ಗಿತ್ತು. ನಾನು ಓಡಿ ಬರುವಷ್ಟರಲ್ಲಿ ಅಣ್ಣ ಪ್ಯಾಂಟು ಮಂಡಿಯ ತನಕ ಮಡಚಿ ಸ್ಲೈಡ್ ಪೆಟ್ಟಿಗೆಗಳನ್ನೆಲ್ಲ ಒಂದೊಂದಾಗಿ ಮೇಲಿನ ಮಹಡಿಗೆ ಹೊತ್ತು ಮುಗಿಸಿದ್ದರು. ಹೇನುಗಳಿಗೆ ಏನೂ ಆಗಿರಲಿಲ್ಲ. ಕೆನಡಾ ಬಾಲ್ಸಮ್ ಅಂಟಿನೊಳಗೆ, ಗಾಜಿನ ಕೆಳಗೆ, ತಣ್ಣಗೆ ಹಾಗೇ ಇದ್ದವು. ಲೇಬಲ್‌ಗಳು ಮಾತ್ರ ಎದ್ದು ಪೆಟ್ಟಿಗೆಯ ನೀರಿನಲ್ಲಿ ತೇಲುತ್ತಿದ್ದವು. 312 ಸ್ಲೈಡ್, 312 ಚೂರು ಕಾಗದ. ಒಂದೊಂದು ಸ್ಲೈಡಿಗೂ ಎಷ್ಟು ಕೆಲಸ ಗೊತ್ತಾ, ಹೇನನ್ನು ಕ್ಷಾರದಲ್ಲಿ ರಾತ್ರಿಯಿಡೀ ನೆನೆಸಿ, ಹೊಟ್ಟೆಯೊಳಗಿನದನ್ನು ತೊಳೆದು, ಆಲ್ಕೋಹಾಲಿನಿಂದ ಲವಂಗದ ಎಣ್ಣೆಗೆ ದಾಟಿಸಿ, ಕಾಲು ಮೀಸೆ ಮುರಿಯದಂತೆ ಮಲಗಿಸಿ, ವಾರಗಟ್ಟಲೆ ಒಣಗಿಸಬೇಕು. ಅಪ್ಪ ತೀರಿಕೊಂಡು ಆಗ ಎರಡು ತಿಂಗಳು. ನಾನು ಕಾರಿಡಾರಿನಲ್ಲಿ ಗೋಡೆಗೆ ಒರಗಿ ಕೂತುಬಿಟ್ಟೆ. ಜೋರಾಗಿ ಅತ್ತೆ. ಬೆಳಗ್ಗೆ ಬಸ್ಸು ಹತ್ತಿ ಊರಿಗೆ ಹೋಗ್ತೀನಿ, ಇದೆಲ್ಲ ಸಾಕು ಅಂದೆ. ಆ ಮಾತು ನಿಜವಾಗಿಯೂ ಹೇಳಿದ್ದು.

ಅಣ್ಣ ಸಮಾಧಾನ ಏನೂ ಹೇಳಲಿಲ್ಲ. ಹಳೆ ಪೇಪರ್ ತಂದು ಕಾರಿಡಾರಿನ ಉದ್ದಕ್ಕೂ ಹಾಸಿದರು. ಒಂದು ಕಡೆ ಸ್ಲೈಡ್, ಇನ್ನೊಂದು ಕಡೆ ಕಾಗದದ ಚೂರು, ಪೆಟ್ಟಿಗೆ ಪೆಟ್ಟಿಗೆ ಬೇರೆ ಬೇರೆ ಇಟ್ಟರು. ಆಮೇಲೆ ಒಂದು ಸ್ಲೈಡ್ ಎತ್ತಿ, ಫೋನಿನ ಟಾರ್ಚ್ ಹಾಕಿ, ಓರೆಯಾಗಿ ಹಿಡಿದು ನೋಡಿದರು. "ಇಲ್ಲಿ ನೋಡಿ ಮೇಡಂ" ಅಂದರು. ಗಾಜಿನ ಮೇಲೆ ಹಳೆಯ ಗೋಂದಿನ ಗುರುತು ಮಸುಕಾಗಿ ಉಳಿದಿತ್ತು. ಚೌಕ. ಒಂದು ಮೂಲೆ ಸ್ವಲ್ಪ ಸೊಟ್ಟ.

ನಮ್ಮ ಲೇಬಲ್‌ಗಳನ್ನು ಅಣ್ಣ ಕತ್ತರಿಯಲ್ಲಿ ಕೈಯಾರೆ ಕತ್ತರಿಸುತ್ತಿದ್ದರು. ಒಂದರ ಅಳತೆ ಇನ್ನೊಂದಕ್ಕಿಲ್ಲ. ಒಂದು ಅಗಲ, ಒಂದು ಗಿಡ್ಡ, ಒಂದರ ಅಂಚು ಓರೆ. ಆ ರಾತ್ರಿ ಅಣ್ಣ ಒಂದೊಂದು ಚೂರನ್ನೂ ಚಿಮುಟದಲ್ಲಿ ಎತ್ತಿ ಒಂದೊಂದು ಗುರುತಿನ ಮೇಲೆ ಇಟ್ಟು ನೋಡಿದರು. ಕೂತರೆ ಕೂತಿತು, ಇಲ್ಲದಿದ್ದರೆ ಮುಂದಿನದು. ಮೂರನೆಯದು ಕೂತಾಗ ನಾನೂ ಕಣ್ಣು ಒರೆಸಿಕೊಂಡು ಪಕ್ಕದಲ್ಲಿ ಕೂತೆ. ಮನೆಯಿಂದ ಎರಡು ಸಲ ಫೋನ್ ಬಂತು. "ಊಟ ಮಾಡ್ಕೊಂಡು ಮಲಗಿ, ಇಲ್ಲಿ ಕೆಲಸ ಇದೆ" ಅಂದು ಇಟ್ಟರು. ಮಳೆ ನಿಂತ ಮೇಲೆ, ಎರಡು ಗಂಟೆ ಇರಬೇಕು, ಸೈಕಲ್ಲಿನಲ್ಲಿ ಫ್ಲಾಸ್ಕ್ ಇಟ್ಟುಕೊಂಡು ಟೀ ಮಾರುವ ಹುಡುಗ ಗೇಟಿನ ಹತ್ತಿರ ಬಂದ. ಅಣ್ಣ ಎರಡು ಕಪ್ ತಂದರು. ಟೀ ಇಟ್ಟಿದ್ದು ಸ್ಲೈಡುಗಳಿಂದ ಆರಡಿ ದೂರ.

ಬೆಳಗಿನ ಜಾವದ ಹೊತ್ತಿಗೆ ಸುಲಭದವು ಮುಗಿದಿದ್ದವು. ಉಳಿದವಕ್ಕೆ ನಾನೊಂದು ದಾರಿ ಹುಡುಕಿದೆ. ಹ್ಯಾಲಿಪ್ಯೂರಸ್ ಇದ್ದರೆ ಟರ್ನ್‌ನದಂತೂ ಅಲ್ಲ, ಅದನ್ನು ಶಿಯರ್‌ವಾಟರ್ ಅಂತ ಬರೆದುಬಿಡೋಣ. ಈ ಸೇಮುಂಡ್‌ಸೋನಿಯಾ ನೋಡಿದರೆ ಸೂಟಿ ಟರ್ನ್‌ನದ್ದೇ ಅನ್ನಿಸುತ್ತೆ, ಹಾಗೇ ಬರೆಯೋಣ. ಅಣ್ಣ ಚಿಮುಟ ಕೆಳಗಿಟ್ಟರು.

"ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅಂತ್ಲೇ ಬರೀರಿ ಮೇಡಂ."

ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಹೇನು ನೋಡಿ ಹಕ್ಕಿಯ ಹೆಸರು ಬರೆದು, ಆಮೇಲೆ ಅದೇ ಹೆಸರು ತೋರಿಸಿ 'ನೋಡಿ, ಈ ಹೇನು ಈ ಹಕ್ಕಿಯ ಮೇಲೇ ಇರುತ್ತೆ' ಅಂದರೆ ಅದು ಸುಳ್ಳು. ಹಿಂದೆ ಹಕ್ಕಿ ಹೊಡೆದು ಕೂಡಿಸುವವರು ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕಿದಾಗ, ತಣ್ಣಗಾದ ಮೈ ಬಿಟ್ಟ ಹೇನು ಪಕ್ಕದ ಹಕ್ಕಿಗೆ ಹತ್ತಿ, ತಪ್ಪು ಹಕ್ಕಿಯ ಹೆಸರು ಪುಸ್ತಕಕ್ಕೆ ಸೇರಿ, ಅದನ್ನು ಬಿಡಿಸಲು ಆಮೇಲಿನವರು ಎಷ್ಟು ಕಷ್ಟಪಟ್ಟರು ಅಂತ ನಾನೇ ಮೊದಲ ಅಧ್ಯಾಯದಲ್ಲಿ ಬರೆದಿದ್ದೆ. ಹೊಸ ಹಕ್ಕಿಗೆ ಹೊಸ ಹಾಳೆ, ಪ್ರತಿ ಸಲವೂ ಚಿಮುಟ ಒರೆಸುವುದು, ಇದನ್ನೆಲ್ಲ ಅಣ್ಣನಿಗೆ ಹೇಳಿಕೊಟ್ಟಿದ್ದೂ ನಾನೇ. ಸುಸ್ತಾದ ಆ ಹೊತ್ತಿನಲ್ಲಿ ಅದನ್ನು ಮರೆಯದೆ ಇಟ್ಟುಕೊಂಡಿದ್ದು ಅವರು.

ಆ ರಾತ್ರಿ ಮತ್ತು ಆಮೇಲಿನ ಒಂದು ವಾರದಲ್ಲಿ 271 ಸ್ಲೈಡುಗಳಿಗೆ ಅವುಗಳ ಲೇಬಲ್ ಸಿಕ್ಕಿತು. ಉಳಿದ 41 ಒಂದು ಬೇರೆ ಪೆಟ್ಟಿಗೆಯಲ್ಲಿವೆ. ಮೇಲೆ ಅಣ್ಣನ ಕೈಬರಹದಲ್ಲಿ 'ಹಕ್ಕಿ ಗೊತ್ತಿಲ್ಲ' ಅಂತಿದೆ. ವೈವಾದಲ್ಲಿ ಪರೀಕ್ಷಕರು ಕೇಳಿದ ಮೊದಲ ಪ್ರಶ್ನೆಯೇ ಆ 41ರ ಬಗ್ಗೆ. ನಡೆದದ್ದನ್ನು ನಡೆದ ಹಾಗೇ ಹೇಳಿದೆ. ಕೊನೇ ಸಾಲಿನಲ್ಲಿ ಇಸ್ತ್ರಿ ಅಂಗಿ ಹಾಕಿಕೊಂಡು ಅಣ್ಣ ಕೂತಿದ್ದರು. ಅವರ ಕಡೆ ನೋಡಿದರೆ ಅಳು ಬರುತ್ತೆ ಅಂತ ನೋಡಲಿಲ್ಲ.

ಅಣ್ಣ, ನಿಮ್ಮ ಮಗಳು ಇದನ್ನು ಓದಿ ಹೇಳ್ತಾಳೆ ಅಂತ ಗೊತ್ತು. ನೀವು ಆ ರಾತ್ರಿ ಮನೆಗೆ ಹೋಗಿದ್ದರೆ ಯಾರೂ ತಪ್ಪು ಅನ್ನುತ್ತಿರಲಿಲ್ಲ. ನಾನು ಮಾತ್ರ ಬೆಳಗ್ಗೆ ಆ ಬಸ್ಸು ಹತ್ತಿಬಿಡುತ್ತಿದ್ದೆ. ಅಪ್ಪ ಇದ್ದಿದ್ದರೆ ನಿಮ್ಮ ಕೈ ಹಿಡಿದು ಹೇಳುತ್ತಿದ್ದರು, ಈಗ ಅವರ ಪರವಾಗಿಯೂ ನಾನೇ ಹೇಳ್ತಿದೀನಿ.

ಕಾರವಾರದಿಂದ ಒಂದು ಬ್ರೈಡಲ್ಡ್ ಟರ್ನ್ ಬಂದು ಫ್ರೀಜರಿನಲ್ಲಿದೆ. ಸೋಮವಾರ ಶುರು ಮಾಡೋಣ. ಈ ಸಲ ನಂಬರನ್ನು ಗಾಜಿನ ಮೇಲೂ ಗೀರೋಣ. ಲೇಬಲ್ ಮಾತ್ರ ನೀವೇ ಕತ್ತರಿಸಬೇಕು, ಮೊದಲಿನ ಹಾಗೇ.