ಕಡಲ್ಕೊರೆತದ ಫೈಲು ಯಾರ ಮೇಜಿಗೆ? ಇಂಗ್ಲೆಂಡಿನ ಸ್ಥಳೀಯ ಆಡಳಿತ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಇಂಗ್ಲೆಂಡಿನ ಪೂರ್ವ ಕರಾವಳಿಯ ನಮ್ಮ ನಾರ್ಫೋಕ್ ಕೌಂಟಿ ಕೌನ್ಸಿಲ್ಲನ್ನೂ ಅದರ ಏಳು ಜಿಲ್ಲಾ ಕೌನ್ಸಿಲ್‌ಗಳನ್ನೂ ತೆಗೆದು, ಎಲ್ಲ ಕೆಲಸ ಒಟ್ಟಿಗೆ ನೋಡುವ ದೊಡ್ಡ ಕೌನ್ಸಿಲ್‌ಗಳನ್ನು ಹೊಸದಾಗಿ ಕಟ್ಟುವ ಕೆಲಸಕ್ಕೆ ನಿಮ್ಮ ಸರ್ಕಾರ 2024ರ ಡಿಸೆಂಬರ್‌ನಲ್ಲಿ ಕೈಹಾಕಿತು. ಅದಕ್ಕೆ ನನ್ನ ತಕರಾರಿಲ್ಲ. ರಸ್ತೆ ಗುಂಡಿಗೆ ಕೌಂಟಿ, ಕಸಕ್ಕೆ ಜಿಲ್ಲೆ ಅಂತ ಎರಡು ಕಡೆ ಫೋನ್ ಮಾಡಿ ನಮಗೂ ಸಾಕಾಗಿದೆ. ಆದರೆ ಈ ಗಡಿಬಿಡಿಯಲ್ಲಿ ಕಡಲ್ಕೊರೆತದ ಕೆಲಸ ಕಳೆದುಹೋಗಬಾರದು.

ಇಲ್ಲಿಯ ಪೂರ್ವ ತೀರದ ದಿಬ್ಬಗಳು ಹಿಮಯುಗ ಬಿಟ್ಟುಹೋದ ಮರಳು ಮತ್ತು ಜೇಡಿಮಣ್ಣಿನವು. ಹೇಸ್‌ಬರೊ ಊರಿನ ಬೀಚ್ ರೋಡಿನಲ್ಲಿ ನಡೆದರೆ ಡಾಂಬರು ಸೀದಾ ಹೋಗಿ ದಿಬ್ಬದ ಅಂಚಿನಲ್ಲಿ ಮುರಿದು ನಿಲ್ಲುತ್ತದೆ. ಅದರಾಚೆ ಮನೆಗಳಿದ್ದವು. ಹೆಮ್ಸ್‌ಬಿಯಲ್ಲಿ 2023ರ ಮಾರ್ಚ್‌ನಲ್ಲಿ ಅಂಚಿಗೆ ಬಂದ ಮನೆಗಳನ್ನು ಕೆಡವಬೇಕಾಯಿತು. ಹೀಗೆ ಮನೆ ಕಳೆದುಕೊಂಡವರಿಗೆ ಪರಿಹಾರವೇ ಇಲ್ಲ. ಕೆಡವುವ ಖರ್ಚಿಗೆ ಹೆಚ್ಚೆಂದರೆ 6,000 ಪೌಂಡ್ ನೆರವು. ಮನೆಯೂ ಹೋಯಿತು, ಕೆಡವುವ ತಲೆನೋವೂ ಮನೆಯವರದ್ದೇ! ಉಳ್ಳಾಲದಲ್ಲಿ ಬೆಳೆದ ನನಗೆ ಕಡಲಿನ ಹಸಿವು ಹೊಸದಲ್ಲ. ಇಷ್ಟು ಶ್ರೀಮಂತ ದೇಶದಲ್ಲೂ ಇದೇ ಕಥೆ ಅಂದುಕೊಂಡಿರಲಿಲ್ಲ, ಅಷ್ಟೆ.

1949ರ ಕಾಯ್ದೆ ತೀರ ರಕ್ಷಣೆಯ ಅಧಿಕಾರವನ್ನು ಜಿಲ್ಲಾ ಕೌನ್ಸಿಲ್‌ಗಳಿಗೆ ಕೊಟ್ಟಿದೆ. ಮಾಡಲೇಬೇಕು ಎಂದೇನೂ ಹೇಳಿಲ್ಲ. ಹಾಗಿದ್ದೂ ಕ್ರೋಮರ್‌ನಲ್ಲಿ ಕೂತ ಪುಟ್ಟ ನಾರ್ತ್ ನಾರ್ಫೋಕ್ ಕೌನ್ಸಿಲ್ 2019ರಲ್ಲಿ ಬ್ಯಾಕ್ಟನ್ ತೀರಕ್ಕೆ ಸುಮಾರು 18 ಲಕ್ಷ ಘನ ಮೀಟರ್ ಮರಳು ತುಂಬಿಸಿತು. ಸಮುದ್ರದ ಅನಿಲ ದಡಕ್ಕೆ ಬಂದು ಸೇರುವ ಅಲ್ಲಿನ ಗ್ಯಾಸ್ ಟರ್ಮಿನಲ್ ಉಳಿಯಬೇಕಿತ್ತು, ಹಾಗಾಗಿ ಕಂಪನಿಗಳ ದುಡ್ಡೂ ಬಂತು. ಪಕ್ಕದ ಊರುಗಳೂ ಬಚಾವಾದವು. (ಟರ್ಮಿನಲ್ ಇಲ್ಲದ ಊರಿಗೆ ಯಾರು ದುಡ್ಡು ಕೊಡುತ್ತಾರೆ ಅನ್ನುವುದು ಬೇರೆ ಮಾತು.) ಇದೇ ಕೌನ್ಸಿಲ್ ಗ್ರೇಟ್ ಯಾರ್ಮತ್ ಮತ್ತು ಪಕ್ಕದ ಕೌಂಟಿಯ ಈಸ್ಟ್ ಸಫೋಕ್ ಕೌನ್ಸಿಲ್‌ಗಳ ಜೊತೆ ಸೇರಿ ಒಂದೇ ಕರಾವಳಿ ತಂಡ ಕಟ್ಟಿಕೊಂಡಿತು. ಅಲೆ ಕೌಂಟಿ ಗಡಿ ನೋಡಿ ಹೊಡೆಯುವುದಿಲ್ಲ, ಅಲ್ವಾ?

ಸಫೋಕ್‌ನಲ್ಲೂ ಇದೇ ಬದಲಾವಣೆ; ಈ ಮೂರೂ ಕೌನ್ಸಿಲ್ ಹೋದ ಮೇಲೆ ತಂಡ ಯಾರದ್ದು? ದೊಡ್ಡ ಕೌನ್ಸಿಲ್‌ನಲ್ಲಿ ವಯಸ್ಸಾದವರ ಆರೈಕೆ, ಶಾಲೆ, ರಸ್ತೆ ಎಲ್ಲ ಮುಗಿದು ಉಳಿದರೆ ತಾನೇ ಕಡಲಿಗೆ? ಕೌಂಟಿಯ ಮುಖ್ಯ ಪಟ್ಟಣ ನಾರ್ವಿಚ್‌ನ ಕಿಟಕಿಯಿಂದ ಸಮುದ್ರ ಕಾಣುವುದೂ ಇಲ್ಲ. ಹಾಗಾಗಿ ಹೊಸ ಕೌನ್ಸಿಲ್‌ಗಳ ಆದೇಶದಲ್ಲೇ ಬರೆಯಿರಿ: ಈ ತಂಡವನ್ನು ಒಡೆಯಬಾರದು, ಅದರ ಕಚೇರಿ ತೀರದಲ್ಲೇ ಇರಬೇಕು, ಅದರ ದುಡ್ಡನ್ನು ಬೇರೆ ಖಾತೆಗೆ ತಿರುಗಿಸಬಾರದು. ಆ 6,000 ಪೌಂಡಿನ ಲೆಕ್ಕವನ್ನೂ ಹಾಗೇ ಒಮ್ಮೆ ತೆಗೆದು ನೋಡಿ.

ಇಂತಿ,
ನಾರ್ತ್ ವಾಲ್ಶಮ್‌ನ ಒಬ್ಬ ತೆರಿಗೆದಾರ