ಖುತ್ಬಾ ಕಿವುಡರಿಗೂ ಕಾಣಲಿ

ಮಾನ್ಯರೇ,

ಮಸೀದಿಯ ಜುಮಾ ಖುತ್ಬಾಕ್ಕೆ (ಶುಕ್ರವಾರದ ಪ್ರವಚನಕ್ಕೆ) ಸಂಜ್ಞಾ ಭಾಷೆಯ ಅನುವಾದಕರನ್ನು ಕರೆಸಿದರಷ್ಟೇ ಸಾಲದು. ಕಿಟಕಿಗೆ ಬೆನ್ನು ಹಾಕಿ ನಿಲ್ಲಿಸಿದರೆ ಅವರ ಮುಖ, ಬೆರಳು ಎರಡೂ ಕಪ್ಪಾಗಿ ಕಾಣುತ್ತವೆ. ಮಿಂಬರ್ (ಪ್ರವಚನ ಪೀಠ) ಪಕ್ಕದಲ್ಲೇ, ಮುಖದ ಮೇಲೆ ಬೆಳಕು ಬೀಳುವಂತೆ ನಿಲ್ಲಿಸಿ, ಎದುರಿನ ಜಾಗ ಕಿವುಡರಿಗೆ ಬಿಡಬೇಕು. ಮಹಿಳೆಯರ ವಿಭಾಗ ಬೇರೆ ಇದ್ದರೆ ಅನುವಾದಕರನ್ನು ತೋರಿಸಲು ಅಲ್ಲಿಗೊಂದು ಟಿವಿ ಬೇಕೇ ಬೇಕು; ಮರೆತುಹೋಗುವುದು ಇದೇ. ಖುತ್ಬಾದಲ್ಲಿ ಬರುವ ಕುರಾನಿನ ಆಯತ್ (ವಾಕ್ಯ), ಪ್ರವಾದಿಯವರ ನುಡಿಗಳಾದ ಹದೀಸ್‌ಗಳ ಪಟ್ಟಿ ಮುಂಚೆಯೇ ಕೈಸೇರದಿದ್ದರೆ ಅರಬಿ ಬಂದೊಡನೆ ಅನುವಾದಕರ ಕೈ ನಿಂತುಬಿಡುತ್ತದೆ.

ನಮಾಜಿನಲ್ಲಿ ತೊಡಕಿರುವುದು ಸಜ್ದಾದಲ್ಲಿ. ಹಣೆ ನೆಲಕ್ಕಿಟ್ಟಾಗ ಇಮಾಮರು ಎದ್ದದ್ದು ಕಾಣದು, ಅವರು ಹೇಳುವ ತಕ್ಬೀರ್ (‘ಅಲ್ಲಾಹು ಅಕ್ಬರ್’) ಕೇಳದು. ಕಿವಿ ಕೇಳುವವರ ಪಕ್ಕ ನಿಂತರೆ ಅವರು ಏಳುವುದು ಮೈಗೆ ತಿಳಿಯುತ್ತದೆ. ಇನ್ನು ಮದರಸಾದಲ್ಲಿ ಬರೆದ ಪಾಠ ಕೊಟ್ಟು ಕೈತೊಳೆದುಕೊಳ್ಳುವುದು ಬೇಡ. ಹುಟ್ಟು ಕಿವುಡರಲ್ಲಿ ಅನೇಕರಿಗೆ ಸಂಜ್ಞೆಯೇ ಮೊದಲ ಭಾಷೆ, ಬರಹ ಎರಡನೆಯದು.

– ಸಂಜ್ಞಾ ಭಾಷೆಯ ಅನುವಾದಕರು