ರಕ್ತಹೀನ ಬಾಣಂತಿಗೆ ಅರ್ಧ ಲೀಟರ್ ತನಕ ಕಾಯಬಾರದು

ಮಾನ್ಯ ಸಂಪಾದಕರೇ,

ಹೆರಿಗೆಯ ನಂತರ 500 ಮಿ.ಲೀ. ರಕ್ತ ಹೋದರಷ್ಟೇ ಅತಿರಕ್ತಸ್ರಾವ ಎನ್ನುವ ಲೆಕ್ಕ ರಕ್ತಹೀನತೆಯಿರುವ ಬಾಣಂತಿಗೆ ಹೊಂದುವುದಿಲ್ಲ. ಹಿಮೋಗ್ಲೋಬಿನ್ 12 ಇದ್ದವಳು ಅಷ್ಟನ್ನು ತಡೆದುಕೊಳ್ಳಬಹುದು; 6 ಇದ್ದವಳು ಅದಕ್ಕೂ ಮೊದಲೇ ಕುಸಿಯಬಹುದು. ವಿಶ್ವ ಆರೋಗ್ಯ ಸಂಸ್ಥೆಯ 2025ರ ಮಾರ್ಗಸೂಚಿಯೂ 300 ಮಿ.ಲೀ. ಮುಟ್ಟಿ ನಾಡಿ 100 ದಾಟಿದರೆ ಅಥವಾ ಮೇಲಿನ ಬಿ.ಪಿ. 100ಕ್ಕಿಂತ ಇಳಿದರೆ ಚಿಕಿತ್ಸೆ ಶುರುಮಾಡಿ ಎನ್ನುತ್ತದೆ.

ಅಳೆಯದೆ ಇದು ತಿಳಿಯದು. ಬಟ್ಟೆ, ಹತ್ತಿ, ರಬ್ಬರ್ ಶೀಟಿನ ಮೇಲೆ ಹರಡಿದ ರಕ್ತವನ್ನು ಕಣ್ಣಂದಾಜಿನಲ್ಲಿ ಹೇಳಿದರೆ ಕಡಿಮೆಯೇ ಹೇಳುತ್ತೇವೆ. ಮಗು ಹುಟ್ಟಿದ ಕೂಡಲೇ ಸೊಂಟದ ಕೆಳಗೆ ಮಿ.ಲೀ. ಗೆರೆಗಳಿರುವ ಪ್ಲಾಸ್ಟಿಕ್ ಚೀಲ ಹಾಸಬೇಕು. ಮೊದಲ ಗಂಟೆ 15 ನಿಮಿಷಕ್ಕೊಮ್ಮೆ ಚೀಲ, ನಾಡಿ, ಬಿ.ಪಿ., ಗರ್ಭಕೋಶದ ಬಿಗಿ ನೋಡಬೇಕು.

ಮೇಲೆ ಹೇಳಿದ ಮಿತಿ ಮುಟ್ಟಿದ ಮೇಲೆ ಒಂದು ಮದ್ದು ಕೊಟ್ಟು ಕಾದು ನೋಡುತ್ತ ಕೂರಬಾರದು. ಗರ್ಭಕೋಶದ ಮಸಾಜ್, ಗರ್ಭಕೋಶ ಬಿಗಿಸುವ ಆಕ್ಸಿಟೋಸಿನ್ ಡ್ರಿಪ್, ಹೆಪ್ಪು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್ 1 ಗ್ರಾಂ ಎಲ್ಲವೂ ಕೂಡಿಯೇ ನಡೆಯಬೇಕು. ಮಾಸು ಪೂರ್ತಿ ಬಿದ್ದಿದೆಯೇ, ಎಲ್ಲಾದರೂ ಹರಿದಿದೆಯೇ ಎಂದು ಆಗಲೇ ನೋಡಬೇಕು. ಮೂತ್ರಕೋಶ ತುಂಬಿದ್ದರೆ ಗರ್ಭಕೋಶ ಬಿಗಿಯುವುದಿಲ್ಲ. ಅದನ್ನು ಖಾಲಿ ಮಾಡಿಸಬೇಕು. ಟ್ರಾನೆಕ್ಸಾಮಿಕ್ ಆಸಿಡ್ಡನ್ನು ನರಕ್ಕೆ 10 ನಿಮಿಷದಲ್ಲಿ ನಿಧಾನವಾಗಿ ಕೊಡಬೇಕು, ರಭಸದಲ್ಲಿ ಕೊಟ್ಟರೆ ಬಿ.ಪಿ. ಇಳಿಯಬಹುದು. 30 ನಿಮಿಷವಾದರೂ ರಕ್ತ ನಿಲ್ಲದಿದ್ದರೆ ಇನ್ನೊಮ್ಮೆ 1 ಗ್ರಾಂ. ಮೊದಲ ಡೋಸ್ ಹೆರಿಗೆಯಾಗಿ 3 ಗಂಟೆಯೊಳಗೆ ಬೀಳದಿದ್ದರೆ ಪ್ರಯೋಜನವಿಲ್ಲ. ಇದರ ಆಂಪೂಲನ್ನು ಬೆನ್ನಿಗೆ ಚುಚ್ಚುವ ಅರಿವಳಿಕೆ ಮದ್ದಿನ ಜೊತೆ ಒಂದೇ ಟ್ರೇಯಲ್ಲಿ ಇಡಲೇಬೇಡಿ. ಅದಲುಬದಲಾಗಿ ಬೆನ್ನಿಗೆ ಹೋದರೆ ಜೀವಕ್ಕೇ ಕುತ್ತು. ಮುಂಜಾಗ್ರತೆಗೆಂದು ಎಲ್ಲ ರಕ್ತಹೀನ ಬಾಣಂತಿಯರಿಗೂ ಇದನ್ನು ಕೊಡುವುದರಿಂದ ಲಾಭವಿಲ್ಲ ಎಂದು 2023ರ ವುಮನ್-2 ಅಧ್ಯಯನ ತೋರಿಸಿದೆ.

ಸಲೈನ್ ವಿಷಯದಲ್ಲಿ ಕೈ ಬಿಗಿ ಹಿಡಿಯಬೇಕು. ಬಾಟಲಿಯ ಮೇಲೆ ಬಾಟಲಿ ಏರಿಸಿದರೆ ಮೊದಲೇ ತೆಳುವಾದ ರಕ್ತ ಇನ್ನೂ ತೆಳುವಾಗುತ್ತದೆ, ಹೆಪ್ಪುಗಟ್ಟುವುದಿಲ್ಲ, ಸೋತ ಹೃದಯಕ್ಕೆ ಭಾರವಾಗಿ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಆಕೆಗೆ ಬೇಕಾದದ್ದು ರಕ್ತ. ರೋಣ, ಮುಂಡರಗಿ, ಶಿರಹಟ್ಟಿಯಂಥ ಕಡೆಯಿಂದ ಗದಗಕ್ಕೆ ಓಡುವ ಹೊತ್ತಿನಲ್ಲಿ ಗುಂಪು ನೋಡಿ ರಕ್ತ ಹುಡುಕುವಂತಾಗಬಾರದು. ಹಿಮೋಗ್ಲೋಬಿನ್ 7ಕ್ಕಿಂತ ಕಡಿಮೆ ಇದ್ದವಳ ಹೆರಿಗೆ ರಕ್ತ ಸಿಗುವ ಆಸ್ಪತ್ರೆಯಲ್ಲೇ ಆಗಬೇಕು, ನೋವು ಶುರುವಾಗುವ ಮೊದಲೇ ಕ್ರಾಸ್‌ಮ್ಯಾಚ್ (ಕೊಡುವ ರಕ್ತ ಆಕೆಗೆ ಹೊಂದುತ್ತದೆಯೇ ಎಂಬ ಪರೀಕ್ಷೆ) ಮುಗಿದಿರಬೇಕು.

ನಮ್ಮ ಕಡೆ ಏಳು ತಿಂಗಳಿಗೆ ಕುಬಸ ಮಾಡಿ ತವರಿಗೆ ಕರೆತರುವ ರೂಢಿಯಿದೆ. ತಾಯಿ ಕಾರ್ಡ್ ಅವಳ ಜೊತೆಗೇ ಬರಲಿ, ಬಂದ ವಾರವೇ ಹಿಮೋಗ್ಲೋಬಿನ್ ನೋಡಿಸಿ. ಕಡಿಮೆಯಿದ್ದರೆ ಆಗಲೇ ಚಿಕಿತ್ಸೆ ಶುರುವಾಗಲಿ, ಏಕೆಂದರೆ ನರಕ್ಕೆ ಕೊಟ್ಟ ಕಬ್ಬಿಣ ರಕ್ತವಾಗಲು ಕೆಲವು ವಾರ ಬೇಕು. ಒಂಬತ್ತು ತುಂಬಿದ ಮೇಲೆ ಕೊಟ್ಟರೆ ಹೆರಿಗೆಯ ಹೊತ್ತಿಗೆ ಒದಗದು. ಗುಳಿಗೆ ನುಂಗುವವರು ಚಹಾ, ಕ್ಯಾಲ್ಸಿಯಂ ಗುಳಿಗೆಗಳನ್ನು ಬೇರೆ ಹೊತ್ತಿಗೆ ಇಟ್ಟುಕೊಳ್ಳಲಿ.

ಜಿಲ್ಲಾ ಆರೋಗ್ಯ ಇಲಾಖೆಗೆ ನಮ್ಮ ಕೋರಿಕೆ: ಪ್ರತಿ ಹೆರಿಗೆ ಕೋಣೆಗೂ ಅಳತೆ ಚೀಲ ಕೊಡಿ, ಟ್ರಾನೆಕ್ಸಾಮಿಕ್ ಆಸಿಡ್ ಔಷಧ ಕೋಣೆಯ ಬೀಗದೊಳಗಿರದೆ ಹೆರಿಗೆ ಮೇಜಿನ ಪಕ್ಕದಲ್ಲಿರಲಿ, ಆಕ್ಸಿಟೋಸಿನ್ 2ರಿಂದ 8 ಡಿಗ್ರಿಯ ಫ್ರಿಜ್‌ನಲ್ಲಿರಲಿ.

— ಹೆರಿಗೆ ವಿಭಾಗದ ಕೆಲವು ವೈದ್ಯರು, ನರ್ಸ್‌ಗಳು, ಗದಗ ಜಿಲ್ಲೆ